ತೊಲೆಯ ತುದಿಯ ದೀಪ

೧೯೬೩ನೇ ಇಸವಿಯ ಮೇ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕುಲಶೇಖರದಲ್ಲಿ ನಮ್ಮ ಮನೆಗೆ ತಾಗಿಕೊಂಡಿದ್ದ ಮರಗೆಲಸದ ಶೆಡ್ಡು. ಹಾಜರಿದ್ದವರು: ಶೆಡ್ಡಿನ ಯಜಮಾನರಾದ ನನ್ನ ಪಪ್ಪ, ಹನ್ನೆರಡು ವರ್ಷಗಳಿಂದ ನಮ್ಮ ಪಿಕಪ್ ಓಡಿಸುತ್ತಿದ್ದ ದೇಜಪ್ಪ, ಮತ್ತು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಬೇಸಿಗೆ ರಜೆಯಲ್ಲಿ ಸುಮ್ಮನಿರಲಾರದೆ ಒದ್ದಾಡುತ್ತಿದ್ದ ನಾನು. ತಡವಾಗಿ ಬಂದವರು ಯಾರೂ ಇಲ್ಲ. ನಮ್ಮ ಶೆಡ್ಡಿಗೆ ತಡವಾಗಿ ಬರುವ ಪದ್ಧತಿ ಇರಲಿಲ್ಲ.

ಹೀಗೆ ದಿನ, ಗಂಟೆ, ಹಾಜರಿ ಹೇಳದೆ ಮಾತು ಶುರುಮಾಡಲು ನನಗೆ ಬರುವುದಿಲ್ಲ. ಒಂದು ಇಡೀ ಉದ್ಯೋಗಕಾಲ ಹಾಜರಿ ಪುಸ್ತಕ ತುಂಬಿಸಿದ ಕೈ ಇದು. ಮದುವೆಮನೆಗೆ ಹೋದರೂ ಮೊದಲು ಯಾರು ಬಂದಿಲ್ಲ ಎಂದು ನೋಡುತ್ತೇನೆ, ಆಮೇಲೆ ಮದುಮಗಳನ್ನು.

ಆ ಪಿಕಪ್ ಈಗ ನೆನಪಾಗಲು ನನ್ನ ಇನ್ನೊಂದು ಅಭ್ಯಾಸ ಕಾರಣ. ಮೊನ್ನೆ ತಮ್ಮನ ಮಗಳು ಕಾರಿನಲ್ಲಿ ನನ್ನನ್ನು ಕಂಕನಾಡಿಗೆ ಕರೆದುಕೊಂಡು ಹೋಗುತ್ತಿದ್ದಳು. ಮುಂದೆ ಒಂದು ಲಾರಿ ಇಂಡಿಕೇಟರ್ ಹಾಕಿಕೊಂಡು ನಿಂತಿತ್ತು. ನಾನು ಕೈಗಡಿಯಾರ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದೆ.

"ಆಂಟಿ, ಪ್ರಾರ್ಥನೆ ಮಾಡ್ತಿದ್ದೀರಾ? ನಾನು ಅಷ್ಟು ಕೆಟ್ಟದಾಗಿ ಓಡಿಸ್ತೇನಾ?"

"ಎಣಿಸ್ತಿದ್ದೇನೆ. ನಿಮಿಷಕ್ಕೆ ಎಂಬತ್ತು ಸಲ ಮಿಣುಕ್ತದೆ. ಸರಿ ಉಂಟು."

"ಸರಿ ಇಲ್ಲದಿದ್ರೆ ಎಂತ ಮಾಡ್ತಿದ್ರಿ?"

"ಇಳಿದು ಹೇಳ್ತಿದ್ದೆ."

ಅವಳು ನಕ್ಕಳು. ನಾನು ನಗಲಿಲ್ಲ. ಇಳಿದು ಹೇಳಿದ್ದೂ ಉಂಟು. ಒಮ್ಮೆ ಒಬ್ಬ ಟೆಂಪೋದವನು ನನ್ನನ್ನು ಸರ್ಕಾರಿ ಅಧಿಕಾರಿ ಎಂದು ತಿಳಿದು ಗಾಬರಿಯಿಂದ ಎಲ್ಲ ಕಾಗದಪತ್ರ ತೆಗೆದು ಕೊಟ್ಟ. ನಾನು ಅವನ್ನು ಕ್ರಮವಾಗಿ ಜೋಡಿಸಿ ಹಿಂದಿರುಗಿಸಿದೆ.

ಈಗ ಶೆಡ್ಡಿಗೆ ಬರುತ್ತೇನೆ. ಪಪ್ಪನ ಶೆಡ್ಡಿನಲ್ಲಿ ಮನೆಗಳಿಗೆ, ಶಾಲೆಗಳಿಗೆ, ಇಗರ್ಜಿಗಳಿಗೆ ಬೇಕಾದ ಮರದ ಕೆಲಸ ನಡೆಯುತ್ತಿತ್ತು. ಹಂಚಿನ ಮಾಡಿಗೆ, ಎಂದರೆ ಚಾವಣಿಗೆ, ದಪ್ಪದ ತೊಲೆ, ಅದರಿಂದ ಇಳಿಯುವ ಪಕ್ಕಾಸು, ಹಂಚು ಕೂರುವ ರೀಪು. ಆಮೇಲೆ ಬೆಂಚು, ಬಾಗಿಲು. ಗೋಡೆಯ ಮೇಲೆ ಪ್ರತಿಯೊಂದು ಹತಾರದ ಆಕಾರವನ್ನೂ ಪಪ್ಪ ಕಪ್ಪು ಬಣ್ಣದಲ್ಲಿ ಬರೆದಿಟ್ಟಿದ್ದರು. ಗರಗಸದ ಜಾಗದಲ್ಲಿ ಗರಗಸದ ನೆರಳು, ಉಳಿಯ ಜಾಗದಲ್ಲಿ ಉಳಿಯ ನೆರಳು. ಸಂಜೆ ಐದೂವರೆಗೆ ಕೆಲಸ ನಿಂತ ಮೇಲೆ ಯಾವುದಾದರೂ ನೆರಳು ಬರಿದಾಗಿ ಕಂಡರೆ ಆ ಹತಾರ ಸಿಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ನನ್ನ ತಮ್ಮ ಸೀಮೆಸುಣ್ಣದಲ್ಲಿ ಅದೇ ಗೋಡೆಯ ಮೇಲೆ ಎರಡು ಜಡೆಯ ಒಂದು ಹುಡುಗಿಯ ಆಕಾರ ಬರೆದು ಮೇಲೊಂದು ಮೊಳೆ ಹೊಡೆದಿದ್ದ. ಅಕ್ಕನನ್ನು ನೇತುಹಾಕುವ ಜಾಗ. ಪಪ್ಪ ಬಂದು ನೋಡಿದರು. ನಾನು ಅವನಿಗೆ ಪೆಟ್ಟು ಬೀಳುತ್ತದೆಂದು ಕಾದೆ. ಪಪ್ಪ, "ಮೊಳೆ ಇಷ್ಟು ಕೆಳಗೆ ಹೊಡೆದರೆ ಕಾಲು ನೆಲಕ್ಕೆ ತಾಗ್ತದೆ" ಎಂದು ಹೇಳಿ ಹೋದರು.

ನಮ್ಮ ಮನೆಯೊಳಗೂ ಅದೇ ಕ್ರಮ. ಬೆಳಿಗ್ಗೆ ಐದೂವರೆಗೆ ಏಳುವುದು, ಹತ್ತಕ್ಕೆ ಗಂಜಿ, ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಗಂಟೆ ಹೊಡೆದರೆ ಕೈಯಲ್ಲಿ ಇದ್ದದ್ದನ್ನು ಕೆಳಗಿಟ್ಟು ಪ್ರಾರ್ಥನೆ, ಸಂಜೆ ಏಳಕ್ಕೆ ಜಪಮಾಲೆ. ಹುಡುಗಿಯಾಗಿದ್ದಾಗ ಇದು ನನಗೆ ಸೆರೆಮನೆ ಅನಿಸುತ್ತಿತ್ತು. ಟೀಚರಾದ ಮೊದಲ ವಾರದಲ್ಲೇ ನಾನು ಲ್ಯಾಬೊರೇಟರಿಯ ಕಪಾಟಿನಲ್ಲಿ ಬೀಕರುಗಳ ಆಕಾರ ಬರೆದೆ. ರಕ್ತದ ಗುಣ ಎಲ್ಲಿಗೆ ಹೋಗುತ್ತದೆ?

ಪಿಕಪ್ ಯುದ್ಧಕಾಲದ್ದು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ಅವರಿಂದ ಇನ್ನಾರೋ ಕೊಂಡು, ನಮ್ಮಲ್ಲಿಗೆ ಬರುವಾಗ ಅದಕ್ಕೆ ಹಸಿರು ಬಣ್ಣವೊಂದು ಬಿಟ್ಟರೆ ಮಿಲಿಟರಿ ಲಕ್ಷಣ ಯಾವುದೂ ಉಳಿದಿರಲಿಲ್ಲ. ಇಂಡಿಕೇಟರ್ ಇರಲಿಲ್ಲ. ಅದರ ಬದಲು ದೇಜಪ್ಪನ ಬಲಗೈ ಇತ್ತು. ಬಲಕ್ಕೆ ತಿರುಗುವುದಾದರೆ ಆ ಕೈ ಕಿಟಕಿಯಿಂದ ಹೊರಬಂದು ನೇರ ನಿಲ್ಲುತ್ತಿತ್ತು. ಎಡಕ್ಕಾದರೆ ಗಾಳಿಯಲ್ಲಿ ದೊಡ್ಡ ಸುತ್ತು ಹಾಕುತ್ತಿತ್ತು. ನಿಲ್ಲಿಸುವುದಾದರೆ ಮಗುವಿನ ತಲೆ ಸವರಿದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಅದೇ ಕೈ ನಮಸ್ಕಾರವನ್ನೂ ಮಾಡುತ್ತಿದ್ದುದರಿಂದ ಹಿಂದಿನವರಿಗೆ ಕೆಲವೊಮ್ಮೆ ಗೊಂದಲವಾಗುತ್ತಿತ್ತು. ಉದ್ದದ ಮರ ಸಾಗಿಸುವಾಗ ಅದರ ಹಿಂದಿನ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಊರಿನ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಬೇಕೆಂದು ಯಾರಿಗೂ ತೋಚಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಒಂದು ಸಂಜೆ, ಬೆಳಕು ಹೋಗುವ ಹೊತ್ತಿಗೆ, ಕಂಕನಾಡಿಯ ಇಳಿಜಾರಿನಲ್ಲಿ ಪಿಕಪ್ಪಿನ ಟಯರ್ ಒಡೆಯಿತು. ದೇಜಪ್ಪ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ, ಜಾಕ್ ಹುಡುಕಲು ಸೀಟಿನ ಅಡಿಗೆ ಬಗ್ಗಿದ್ದ. ಹಿಂದೆ ಎಂಟಡಿ ಹೊರಗೆ ಚಾಚಿದ್ದ ಪಕ್ಕಾಸುಗಳಿಗೆ ಸೈಕಲಿನಲ್ಲಿ ಇಳಿದು ಬರುತ್ತಿದ್ದ ಒಬ್ಬ ಬಟ್ಟೆ ಅಂಗಡಿಯ ಗುಮಾಸ್ತ ಬಂದು ಬಡಿದ. ಅವನ ಹೆಗಲಿನ ಎಲುಬು ಮುರಿಯಿತು. ಕೆಂಪು ಬಟ್ಟೆ ಇತ್ತು. ಕತ್ತಲಲ್ಲಿ ಕೆಂಪೂ ಕಪ್ಪೂ ಒಂದೇ.

ಯಾರೂ ದೇಜಪ್ಪನನ್ನು ದೂರಲಿಲ್ಲ. ಆ ಗುಮಾಸ್ತನೂ ದೂರಲಿಲ್ಲ. ದೇಜಪ್ಪ ಪ್ರತಿ ಭಾನುವಾರ ಎರಡು ಎಳನೀರಿನ ಬೊಂಡ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದ. ಒಂದೂವರೆ ತಿಂಗಳಲ್ಲಿ ಗುಮಾಸ್ತ ಗುಣವಾಗಿ ಅಂಗಡಿಗೆ ಹೋದ. ಗುಣವಾಗದೆ ಉಳಿದವನು ದೇಜಪ್ಪ. ಮರ ಹೇರಿದ ಗಾಡಿಯನ್ನು ಅವನು ಎರಡು ಫರ್ಲಾಂಗಿಗೊಮ್ಮೆ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ನೋಡಿ ಬರತೊಡಗಿದ. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ. ಕೊನೆಗೆ ಆ ಶನಿವಾರಕ್ಕೆ ಎರಡು ದಿನ ಮೊದಲು, ಪಪ್ಪನ ಎದುರು ನಿಂತು ಪಿಕಪ್ಪಿನ ಬೀಗದ ಕೈ ಚಾಚಿದ.

ಅವರಿಬ್ಬರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಕ್ರೈಸ್ತ ಯಜಮಾನರನ್ನು ಕರೆಯುವ ‘ಪೊರ್ಬು’ ಎಂಬ ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

"ಪೊರ್ಬುಳೇ, ಹಿಂದೆ ಮಿಣುಕುವ ದೀಪ ಇಲ್ಲದೆ ನಾನು ಇನ್ನು ಉದ್ದದ ಮರ ಕೊಂಡುಹೋಗುವುದಿಲ್ಲ."

"ಹನ್ನೆರಡು ವರ್ಷ ಎಂತ ಇತ್ತು ಹಿಂದೆ? ಬಟ್ಟೆ."

"ಹನ್ನೆರಡು ವರ್ಷ ಯಾರೂ ಬೀಳಲಿಲ್ಲ."

"ದೇಜಪ್ಪ, ಶನಿವಾರ ಸಂಜೆಯೊಳಗೆ ಆ ತೊಲೆ ಕದ್ರಿಯ ಶಾಲೆಗೆ ಮುಟ್ಟಬೇಕು. ಸೋಮವಾರ ಮಾಡು ಎತ್ತುತ್ತಾರೆ. ಮಳೆ ನಿನಗೂ ನನಗೂ ಕಾಯುವುದಿಲ್ಲ."

"ಗೊತ್ತುಂಟು."

"ಗೊತ್ತಿದ್ದೂ ನೀನು ಕೊಂಡುಹೋಗದಿದ್ದರೆ ಕೊಂಡುಹೋಗುವವರನ್ನು ನಾನು ಇಟ್ಟುಕೊಳ್ಳಬೇಕಾಗ್ತದೆ. ಒಂದು ದಿನಕ್ಕಲ್ಲ."

ಪಪ್ಪ ಕೋಪದಲ್ಲಿ ಹೇಳಲಿಲ್ಲ. ಅಳತೆ ಹೇಳುವ ಸ್ವರದಲ್ಲಿ ಹೇಳಿದರು. ಅದಕ್ಕೇ ಅದು ನಡೆಯುವ ಮಾತೆಂದು ನನಗೆ ಗೊತ್ತಾಯಿತು. ದೇಜಪ್ಪನಿಗೂ ಗೊತ್ತಾಯಿತು. ಅವನು ಬೀಗದ ಕೈಯನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು ಹೊರಟ. ನಾನು ಬಾಗಿಲಲ್ಲಿ ನಿಂತಿದ್ದೆ.

"ದೀಪ ನಾನು ಹಾಕ್ತೇನೆ," ಎಂದೆ.

ಪಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀನು?"

"ಎಂಟನೇ ಕ್ಲಾಸಿಗೆ ವಿದ್ಯುತ್ ಕಲಿಸುವುದು ನಾನೇ."

"ಕಲಿಸುವುದು ಬೇರೆ ಪುತಾ." ಕನ್ನಡಕ ಮತ್ತೆ ಹಾಕಿಕೊಂಡು, "ಶನಿವಾರ ಸಂಜೆ ಐದೂವರೆ," ಎಂದರು. "ಹಂಚಿನ ಕಾರ್ಖಾನೆಯ ಮೋನು ಆ ಹೊತ್ತಿಗೆ ಬರ್ತಾನೆ. ಆಗ ದೀಪ ಮಿಣುಕಿದರೆ ದೇಜಪ್ಪ ಹೊರಡಲಿ. ಇಲ್ಲದಿದ್ದರೆ ಮೋನು ಹೊರಡ್ತಾನೆ, ಮುಂದೆಯೂ ಅವನೇ."

ಕಂಕನಾಡಿಯಲ್ಲಿ ಗಾಡಿಗಳಿಗೆ ವಯರಿಂಗ್ ಮಾಡುವವರು ಒಬ್ಬರಿದ್ದರು. ಅವರು ತಂಗಿಯ ಮದುವೆಗೆ ಊರಿಗೆ ಹೋಗಿದ್ದರು. ಹಾಗಾಗಿ ಶುಕ್ರವಾರ ನಾನೂ ದೇಜಪ್ಪನೂ ಬಿಡಿಭಾಗಗಳ ಅಂಗಡಿಗೆ ಹೋಗಿ ಕೆಂಪು ಗಾಜಿನ ಮೂರು ದೀಪ, ಒಂದು ಸ್ವಿಚ್ಚು, ಒಂದು ಸುರುಳಿ ವಯರ್ ಮತ್ತು ಒಂದು ಫ್ಲಾಶರ್ ತಂದೆವು. ಈ ಫ್ಲಾಶರ್ ಎಂದರೆ ಹೆಬ್ಬೆರಳಿನ ಗಾತ್ರದ ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಒಂದು ಲೋಹದ ಪಟ್ಟಿ. ಕರೆಂಟು ಹರಿದಾಗ ಪಟ್ಟಿ ಬಿಸಿಯಾಗಿ ಬಗ್ಗುತ್ತದೆ, ಬಗ್ಗಿದಾಗ ಕರೆಂಟು ಕಡಿಯುತ್ತದೆ, ಕಡಿದಾಗ ತಣ್ಣಗಾಗಿ ಮತ್ತೆ ನೇರವಾಗುತ್ತದೆ. ದೀಪ ಮಿಣುಕುವುದು ಅಷ್ಟರಿಂದಲೇ. ನಾನು ಕ್ಲಾಸಿನಲ್ಲಿ ಹಿತ್ತಾಳೆ, ಕಬ್ಬಿಣ ಸೇರಿಸಿದ ಪಟ್ಟಿಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದು ಇದನ್ನೇ ತೋರಿಸುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ನಮ್ಮ ಅಜ್ಜಿಯೂ ಹಾಗೇ, ಬೈದರೆ ಬಗ್ಗುವುದಿಲ್ಲ, ಬಿಸಿನೀರು ಕೊಟ್ಟರೆ ಬಗ್ತಾರೆ" ಎಂದಳು. ನಾನು ಅವಳನ್ನು ಹೊರಗೆ ನಿಲ್ಲಿಸಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತು ನಕ್ಕೆ.

ಎರಡು ದೀಪ ಪಿಕಪ್ಪಿನ ಹಿಂಬದಿಯ ಎರಡು ಮೂಲೆಗೆ. ಮೂರನೆಯದು ನನ್ನ ಸ್ವಂತ ಯೋಚನೆ, ನನ್ನ ಹೆಮ್ಮೆ. ಉದ್ದದ ವಯರಿನ ತುದಿಗೆ ಒಂದು ದೀಪ. ಅದಕ್ಕೊಂದು ಕಬ್ಬಿಣದ ಕೊಕ್ಕೆ. ಮರ ಎಷ್ಟೇ ಹೊರಗೆ ಚಾಚಿರಲಿ, ಅದರ ತುದಿಗೇ ದೀಪ ನೇತುಹಾಕಬಹುದು. ಜನ ಬಡಿಯುವುದು ಗಾಡಿಗಲ್ಲ, ಮರದ ತುದಿಗೆ. ಅದನ್ನು ಕೇಳಿ ದೇಜಪ್ಪ ಮೊದಲ ಬಾರಿ ಮುಖ ಅರಳಿಸಿದ. "ಅದೇ ಟೀಚರ್, ಅಲ್ಲಿಯೇ ಬೇಕಾದ್ದು," ಎಂದ.

ಶನಿವಾರ ಏಳಕ್ಕೆ ಶುರುಮಾಡಿದೆವು. ನಾನು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಕೆಲಸಗಳ ಪಟ್ಟಿ ಬರೆದಿದ್ದೆ. ಪ್ರತಿಯೊಂದರ ಮುಂದೆ ಗಂಟೆ, ಮಾಡುವವರ ಹೆಸರು. ದೇಜಪ್ಪ ಅದನ್ನು ಓದಿ, "ಬೀಡಿ ಸೇದುವುದಕ್ಕೆ ಎಷ್ಟನೇ ನಂಬರ್ ಟೀಚರ್?" ಎಂದು ಕೇಳಿದ. ಇಲ್ಲ ಎಂದೆ. ಅವನು ಹತ್ತು ಗಂಟೆಯ ಗಂಜಿಯ ಅಡಿಯಲ್ಲಿ ತಾನೇ ಸಣ್ಣಕ್ಷರದಲ್ಲಿ ‘ಬೀಡಿ’ ಎಂದು ಸೇರಿಸಿದ.

ತೊಲೆ ಆಗಲೇ ಗಾಡಿಯ ಮೇಲಿತ್ತು. ಶುಕ್ರವಾರ ಸಂಜೆಯೇ ಶೆಡ್ಡಿನ ಎಂಟು ಜನ ಸೇರಿ ಹೇರಿದ್ದರು. ಇಪ್ಪತ್ತೆರಡು ಅಡಿಯ ಕಿರಾಲ್‌ಬೋಗಿ ಮರ. ಮುಂದಿನ ತುದಿ ಕ್ಯಾಬಿನ್ನಿನ ಮೇಲೆ, ಹಿಂದಿನ ತುದಿ ಬಾಗಿಲು ದಾಟಿ ಹೊರಗೆ, ಸರಿಯಾಗಿ ಸೈಕಲ್ ಸವಾರನ ಎದೆಯ ಎತ್ತರಕ್ಕೆ. ದೇಜಪ್ಪ ಆ ತುದಿಯ ಕಡೆ ನೋಡದೆ ಕೆಲಸ ಮಾಡುತ್ತಿದ್ದ.

ಪಪ್ಪ ಒಂದು ಸಲ ಬಂದು ನಿಂತರು. "ಮನೆಯ ದೀಪಕ್ಕೆ ಎರಡು ವಯರ್ ಉಂಟಲ್ಲ, ಇದಕ್ಕೆ ಒಂದೇ?"

ನಾನು ಸೀಮೆಸುಣ್ಣ ಕೈಯಲ್ಲಿಲ್ಲದೆಯೇ ಪಾಠ ಮಾಡಿದೆ. "ಪಪ್ಪಾ, ಗಾಡಿಗೆ ಎರಡನೇ ವಯರ್ ಬೇಡ. ಬ್ಯಾಟರಿಯಿಂದ ಒಂದು ವಯರಿನಲ್ಲಿ ಕರೆಂಟು ದೀಪಕ್ಕೆ ಹೋಗ್ತದೆ. ದೀಪದ ತಗಡು ಗಾಡಿಯ ಕಬ್ಬಿಣಕ್ಕೆ ತಾಗಿರ್ತದೆ, ಅದರ ಮೂಲಕ ವಾಪಸು ಬರ್ತದೆ. ಗಾಡಿಯ ಮೈಯೇ ಎರಡನೇ ವಯರ್."

"ಹಾಗಾ," ಎಂದು ಪಪ್ಪ ಹೋದರು. ನಾನು ದೇಜಪ್ಪನ ಕಡೆ ತಿರುಗಿ ಸ್ವಲ್ಪ ನಕ್ಕೆ. ಮರಗೆಲಸದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎನ್ನುವ ನಗೆ. ಆ ನಗೆಯನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಹನ್ನೊಂದೂ ಐವತ್ತೆಂಟಕ್ಕೆ ಹನ್ನೆರಡನೇ ನಂಬರಿನ ಕೆಲಸ: ಪರೀಕ್ಷೆ. ಮೂರನೇ ದೀಪವನ್ನು ಗಾಡಿಯ ತಳದ ಮೇಲೇ ಇಟ್ಟು ಸ್ವಿಚ್ಚು ಒತ್ತಿದೆ. ಡಬ್ಬಿ ಟಿಕ್ ಟಿಕ್ ಎಂದಿತು. ಮೂರೂ ದೀಪ ಒಟ್ಟಿಗೆ ಹತ್ತಿದವು, ಆರಿದವು, ಹತ್ತಿದವು. ದೇಜಪ್ಪ ಚಪ್ಪಾಳೆ ತಟ್ಟುವುದಕ್ಕೂ ಇಗರ್ಜಿಯ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಪ್ರಾರ್ಥನೆ ಮುಗಿಸಿ, ಕೃತಜ್ಞತೆಯಿಂದ, ನಾನು ಊಟಕ್ಕೆ ಎರಡು ಮೀನು ಹೆಚ್ಚು ತಿಂದೆ.

ಎರಡು ಗಂಟೆಗೆ ಹದಿಮೂರನೇ ಕೆಲಸ: ಮೂರನೇ ದೀಪವನ್ನು ತೊಲೆಯ ತುದಿಗೆ ನೇತುಹಾಕುವುದು. ಹಾಕಿದೆವು. ಸ್ವಿಚ್ಚು ಒತ್ತಿದೆ. ತುದಿಯ ದೀಪ ಹತ್ತಲೇ ಇಲ್ಲ. ಉಳಿದೆರಡು ಹತ್ತಿ, ಮಿಣುಕದೆ ಸುಮ್ಮನೆ ಉರಿಯುತ್ತ ನಿಂತವು. ಡಬ್ಬಿಯ ಪಟ್ಟಿ ಮೂರು ದೀಪದ ಕರೆಂಟಿಗೆ ಮಾಡಿದ್ದು. ಎರಡಕ್ಕೆ ಅದು ಬಿಸಿಯಾಗುವುದಿಲ್ಲ.

ತುದಿಯ ದೀಪವನ್ನು ಬಿಚ್ಚಿ ಗಾಡಿಯ ತಳದ ಮೇಲಿಟ್ಟು ಪರೀಕ್ಷಿಸಿದೆ. ಮೂರೂ ಚಂದ ಮಿಣುಕಿದವು. ಮತ್ತೆ ತೊಲೆಗೆ ಹಾಕಿದೆ. ಸತ್ತಿತು. ಇಳಿಸಿದೆ, ಬದುಕಿತು. ಹಾಕಿದೆ, ಸತ್ತಿತು.

"ಎತ್ತರಕ್ಕೆ ಹೋದರೆ ಇದಕ್ಕೆ ತಲೆ ತಿರುಗ್ತದಾ ಟೀಚರ್?" ಎಂದ ದೇಜಪ್ಪ. ನಗಿಸಲು ನೋಡಿದ್ದು. ಸ್ವರದಲ್ಲಿ ನಗೆ ಇರಲಿಲ್ಲ.

ಬಲ್ಬ್ ಬದಲಿಸಿದೆ. ಎಳೆದಾಗ ವಯರ್ ಒಳಗೆ ತುಂಡಾಗುತ್ತದೆಯೋ ಎಂದು ಅದನ್ನು ಕಿತ್ತು, ಉಳಿದಿದ್ದ ಹೊಸ ವಯರನ್ನೆಲ್ಲ ಅದಕ್ಕೇ ಬಳಸಿ ಬೇರೆ ಎಳೆದೆ. ಮೂರು ಗಂಟೆ. ಸ್ವಿಚ್ಚು ಬಿಚ್ಚಿ ಉಜ್ಜಿದೆ. ಮೂರೂ ಮುಕ್ಕಾಲು. ಪಟ್ಟಿಯ ಪ್ರಕಾರ ನಾವು ಆ ಹೊತ್ತಿಗೆ ಚಹಾ ಕುಡಿದು ಕೈ ತೊಳೆದಿರಬೇಕಿತ್ತು. ನಾನು ನೋಟ್‌ಬುಕ್ಕನ್ನು ಸೀಟಿನ ಅಡಿಗೆ ತಳ್ಳಿದೆ.

ನಾಲ್ಕೂವರೆಗೆ ಮೋನು ಬಂದ, ಒಂದು ಗಂಟೆ ಮೊದಲೇ. ಹಂಚಿನ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ ಬ್ಯಾರಿ. ದೊಡ್ಡ ಹೊಟ್ಟೆ, ದೊಡ್ಡ ನಗೆ. ಅಮ್ಮ ಕೊಟ್ಟ ಚಹಾ ಹಿಡಿದು ಮರದ ದಿಮ್ಮಿಯ ಮೇಲೆ ಕುಳಿತ.

"ಎಂತ ಟೀಚರೇ, ಪಿಕಪ್ಪಿಗೂ ಪರೀಕ್ಷೆಯಾ? ಪಾಸೋ ಫೇಲೋ?"

"ಇನ್ನೂ ಪೇಪರ್ ಮುಗಿಯಲಿಲ್ಲ."

"ಇದಕ್ಕೆ ದೃಷ್ಟಿ ತಾಗಿದೆ ಮಾರಾಯ್ರೆ. ನಾನು ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತೇನೆ. ಹಿಂದೆ ಬರುವವನಿಗೆ ಕಣ್ಣು ಉಂಟಲ್ಲ? ಅವನ ಕಣ್ಣೇ ನನ್ನ ಲೈಟು."

ದೇಜಪ್ಪ ಸ್ಪ್ಯಾನರ್ ಕೆಳಗಿಟ್ಟ. "ಮೋನಾಕ, ಆ ಗುಮಾಸ್ತನಿಗೂ ಕಣ್ಣು ಇತ್ತು."

ಮೋನು ಚಹಾದ ಲೋಟ ನೋಡಿದ. ಮೆಲ್ಲಗೆ, "ನಾನು ಕೆಲಸ ಕಿತ್ತುಕೊಳ್ಳಲು ಬಂದವ ಅಲ್ಲ ದೇಜಪ್ಪ. ಪೊರ್ಬುಗಳು ಕರೆದರು, ಬಂದೆ," ಎಂದ.

"ನನಗೆ ಗೊತ್ತುಂಟು."

ದೇಜಪ್ಪ ನನ್ನ ಹತ್ತಿರ ಬಂದು ಸ್ವರ ತಗ್ಗಿಸಿದ. "ಬಿಡಿ ಟೀಚರ್. ನೀವು ಮಾಡಿದ್ದು ಸಾಕು. ತಮ್ಮನ ಗದ್ದೆ ಉಂಟು, ಅಲ್ಲಿ ಎಂತಾದರೂ ಮಾಡ್ತೇನೆ. ನಾನು ಸ್ಟೇರಿಂಗ್ ಹಿಡಿದರೆ ನನ್ನ ಕಣ್ಣು ಮುಂದೆ ಇರುವುದಿಲ್ಲ, ಹಿಂದೆ ಇರ್ತದೆ. ಹಾಗೆ ಓಡಿಸಿದರೆ ಮುಂದೆಯೂ ಒಬ್ಬನನ್ನು ಬೀಳಿಸ್ತೇನೆ."

"ಇನ್ನೂ ಐವತ್ತು ನಿಮಿಷ ಉಂಟು," ಎಂದೆ.

ಧೈರ್ಯದಿಂದ ಹೇಳಿದ್ದಲ್ಲ. ಕ್ಲಾಸಿನಲ್ಲಿ ಗಂಟೆ ಹೊಡೆಯುವ ಮೊದಲು ಪುಸ್ತಕ ಮುಚ್ಚಲು ನಾನು ಯಾರಿಗೂ ಬಿಟ್ಟವಳಲ್ಲ. ಅಷ್ಟೇ. ಮತ್ತೆ ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ಗಂಟನ್ನು ಮುಟ್ಟಿ ನೋಡುತ್ತ ಬಂದೆ. ಬ್ಯಾಟರಿ ಸರಿ. ಸ್ವಿಚ್ಚು ಸರಿ. ಡಬ್ಬಿ ಸರಿ. ವಯರ್ ಸರಿ. ಬಲ್ಬ್ ಸರಿ. ಎಲ್ಲವೂ ಸರಿ, ದೀಪ ಮಾತ್ರ ಇಲ್ಲ.

ಐದು ಗಂಟೆಗೆ ಪಪ್ಪ ಬಂದರು. ನಾನು ದೀಪ ಇಳಿಸಿ ತೋರಿಸಿದೆ, ಹಾಕಿ ತೋರಿಸಿದೆ. ಪಪ್ಪ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಆಮೇಲೆ ತೊಲೆಯ ಹತ್ತಿರ ಹೋಗಿ, ಕೊಕ್ಕೆ ಸಿಕ್ಕಿಸಿದ ಜಾಗದಲ್ಲಿ ಬೆರಳಿನ ಗಂಟಿನಿಂದ ಎರಡು ಸಲ ತಟ್ಟಿದರು. ಮರ ಗಟ್ಟಿಯಾಗಿ ಸದ್ದು ಮಾಡಿತು.

"ಪುತಾ, ಗಾಡಿಯ ಮೈಯೇ ಎರಡನೇ ವಯರ್ ಅಂತ ಹೇಳಿದ್ದು ನೀನೇ ಅಲ್ವಾ?"

"ಹೌದು ಪಪ್ಪಾ."

"ಇದು ಗಾಡಿಯ ಮೈಯಾ?"

ನಾನು ಕೊಕ್ಕೆಯನ್ನು ಮುಟ್ಟಿ ನೋಡಿದೆ.

"ಇದು ಆರು ವರ್ಷ ನನ್ನ ಶೆಡ್ಡಿನಲ್ಲಿ ಒಣಗಿದ ಕಿರಾಲ್‌ಬೋಗಿ. ಇದರೊಳಗೆ ಮಳೆನೀರು ಹೋಗುವುದಿಲ್ಲ, ಹುಳು ಹೋಗುವುದಿಲ್ಲ. ನಿನ್ನ ಕರೆಂಟು ಹೇಗೆ ಹೋಗ್ತದೆ?"

ಹೌದು. ದೀಪದ ತಗಡು ಕೊಕ್ಕೆಗೆ ತಾಗಿತ್ತು, ಕೊಕ್ಕೆ ಮರಕ್ಕೆ ತಾಗಿತ್ತು, ಮರದಲ್ಲಿ ದಾರಿ ಮುಗಿದಿತ್ತು. ಗಾಡಿಯ ತಳದಲ್ಲಿಟ್ಟಾಗ ಕಬ್ಬಿಣ ತಾಗುತ್ತಿತ್ತು, ಅದಕ್ಕೇ ಮಿಣುಕುತ್ತಿತ್ತು. ಮರದಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಪ್ರತಿ ಜೂನ್ ತಿಂಗಳಲ್ಲಿ ನಲವತ್ತು ಹುಡುಗಿಯರಿಂದ ಒಟ್ಟಿಗೆ ಹೇಳಿಸುತ್ತಿದ್ದವಳು ನಾನು. ಮರದ ಶೆಡ್ಡಿನಲ್ಲಿ ಹುಟ್ಟಿ ಬೆಳೆದವಳೂ ನಾನೇ. ಮರ ನನ್ನ ಕಣ್ಣಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಅಲ್ಲಿ ಇದೆ ಎನ್ನುವುದನ್ನೇ ನಾನು ಕಂಡಿರಲಿಲ್ಲ.

ಮೋನು ಹೊಟ್ಟೆ ಹಿಡಿದು ನಕ್ಕ. "ಟೀಚರ್ ಫೇಲು, ಪೊರ್ಬುಗಳು ಪಾಸು!"

"ಎರಡನೇ ವಯರ್ ಬೇಕು," ಎಂದೆ. ಅಂದ ಮೇಲೆ ನೆನಪಾಯಿತು. ವಯರ್ ಒಂದು ಗೇಣೂ ಉಳಿದಿರಲಿಲ್ಲ. ಕಂಕನಾಡಿಗೆ ಹೋಗಿ ಬರಲು ಒಂದು ಗಂಟೆ ಬೇಕು. ಇದ್ದದ್ದು ಇಪ್ಪತ್ತೈದು ನಿಮಿಷ.

ಆದರೆ ವಾಪಸು ಬರುವ ಕರೆಂಟಿಗೆ ರಬ್ಬರಿನ ಹೊದಿಕೆ ಬೇಕಿಲ್ಲ; ಬರಿಯ ತಂತಿಯೂ ಸಾಕು. ಸುತ್ತ ನೋಡಿದೆ. ಅಂಗಳದ ಆಚೆ, ಪಪ್ಪಾಯಿ ಮರದಿಂದ ಬಾವಿಕಟ್ಟೆಯ ಕಂಬದ ತನಕ, ಅಮ್ಮ ಬಟ್ಟೆ ಒಣಹಾಕುವ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು.

"ದೇಜಪ್ಪಣ್ಣ, ಕತ್ತರಿ ಇಕ್ಕಳ!"

ಬಟ್ಟೆಗಳನ್ನು ತೆಗೆದು ಬೇಲಿಯ ಮೇಲೆ ಹಾಕುವಷ್ಟು ಕ್ರಮವನ್ನು ನಾನು ಆಗಲೂ ಬಿಡಲಿಲ್ಲ. ಅಮ್ಮ ಅಡಿಗೆಮನೆಯ ಕಿಟಕಿಯಿಂದ ಕೂಗಿದರು. "ಎಂತದು ಅದು? ಪಾದ್ರಿಯವರ ಉಡುಪು ಉಂಟು ಅದರಲ್ಲಿ! ತೊಳೆದು ಕೊಡ್ತೇನೆ ಅಂತ ಹೇಳಿ ತಂದದ್ದು!"

"ಬೇಲಿಯ ಮೇಲೆ ಉಂಟು ಅಮ್ಮ!"

"ಪಾದ್ರಿಯವರಾ?"

"ಉಡುಪು!"

ತಂತಿಯ ಒಂದು ತುದಿಯನ್ನು ದೀಪದ ಕೊಕ್ಕೆಗೆ ಬಿಗಿದೆ. ದೇಜಪ್ಪ ಅದನ್ನು ತೊಲೆಯ ಉದ್ದಕ್ಕೂ ಎಳೆದು ಮೂರು ಕಡೆ ಹಗ್ಗದಲ್ಲಿ ಕಟ್ಟಿದ. ಇನ್ನೊಂದು ತುದಿ ಹಿಂಬಾಗಿಲಿನ ಬೋಲ್ಟಿನ ಅಡಿಗೆ ಹೋಗಬೇಕು. ಬೋಲ್ಟಿನ ಸುತ್ತ ಹಸಿರು ಬಣ್ಣ ಪದರ ಪದರವಾಗಿ ಕೂತಿತ್ತು. ಬಣ್ಣ ಕೆರೆಯದೆ ಕಬ್ಬಿಣ ಸಿಗುವುದಿಲ್ಲ. ನಾನು ಅರ ಹುಡುಕಲು ತಿರುಗುವಷ್ಟರಲ್ಲಿ ಪಪ್ಪ ಗೋಡೆಯಿಂದ ತಮ್ಮ ಉಳಿಯನ್ನು ತೆಗೆದುಕೊಂಡು ಬಂದು ಬಗ್ಗಿ ಕೆರೆಯತೊಡಗಿದ್ದರು. ಆ ಉಳಿಯನ್ನು ಅವರು ಇತರರಿಗೆ ಮುಟ್ಟಲು ಕೊಡುತ್ತಿರಲಿಲ್ಲ. ಅದು ಕಬ್ಬಿಣಕ್ಕೆ ತಾಗಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ. ದೇಜಪ್ಪ ಕಟ್ಟುತ್ತಿದ್ದ ಹಗ್ಗವನ್ನು ಹಿಡಿದುಕೊಂಡೇ ನಿಂತುಬಿಟ್ಟ.

"ನೋಡ್ತಾ ನಿಲ್ಲಬೇಡ ದೇಜಪ್ಪ," ಎಂದರು ಪಪ್ಪ, ತಲೆ ಎತ್ತದೆ. "ಬೋಲ್ಟು ಬಿಗಿ ಮಾಡು."

ಐದೂ ಇಪ್ಪತ್ತಾರಕ್ಕೆ ನಾನು ಸ್ವಿಚ್ಚು ಒತ್ತಿದೆ. ಟಿಕ್. ಮೂರೂ ಹತ್ತಿದವು. ಟಿಕ್. ಮೂರೂ ಆರಿದವು. ನಾನು ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿದೆ. ಎಪ್ಪತ್ತೆರಡು.

ಮೋನು ದಿಮ್ಮಿಯಿಂದ ಎದ್ದು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ನಾನು ಚಹಾಕ್ಕೆ ಬಂದ ಹಾಗಾಯ್ತು ಪೊರ್ಬುಳೇ. ಚಹಾ ಒಳ್ಳೆದಿತ್ತು." ಹೋಗುವಾಗ ದೇಜಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಪಪ್ಪ ಜೇಬಿನಿಂದ ಬೀಗದ ಕೈ ತೆಗೆದು ಚಾಚಿದರು. ದೇಜಪ್ಪ ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಗಾಡಿಯ ಹಿಂದೆ ಇಪ್ಪತ್ತು ಹೆಜ್ಜೆ ನಡೆದು ಹೋಗಿ, ತಿರುಗಿ ನಿಂತು, ತೊಲೆಯ ತುದಿಯನ್ನು ನೋಡಿದ. ಆಮೇಲೆ ಬಂದು ಕೈ ಒಡ್ಡಿದ.

ಕ್ಯಾಬಿನ್ನಿನಲ್ಲಿ ಅವನು, ನಡುವೆ ಪಪ್ಪ, ಕಿಟಕಿಯ ಬಳಿ ನಾನು. ಆ ಗಾಡಿ ಸೈಕಲಿಗಿಂತ ಸ್ವಲ್ಪವೇ ಬೇಗ ಹೋಗುತ್ತಿತ್ತು. ದೇಜಪ್ಪನ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ಹಿಂದೆ ಎರಡು ಫರ್ಲಾಂಗಿಗೆ ನಿಲ್ಲಿಸುತ್ತಿದ್ದವನು ಅರ್ಧ ಮೈಲಿ ನಿಲ್ಲಿಸಲಿಲ್ಲ. ಒಂದು ಮೈಲಿ ನಿಲ್ಲಿಸಲಿಲ್ಲ. ಕದ್ರಿಯ ಏರು ಬಂತು. ರಸ್ತೆಯ ಎರಡೂ ಕಡೆ ಮರಗಳು, ಮೇಲೆ ಮೋಡ ಕವಿದು ಬೆಳಕು ಇಳಿದಿತ್ತು. ಏರಿನ ನಡುವೆ ದೇಜಪ್ಪ ಗಾಡಿಯನ್ನು ಅಂಚಿಗೆ ತೆಗೆದು ನಿಲ್ಲಿಸಿದ. ಹ್ಯಾಂಡ್ ಬ್ರೇಕ್ ಎಳೆದ.

"ಎಂತ ಆಯ್ತು?" ಎಂದರು ಪಪ್ಪ.

"ಎಂತ ಇಲ್ಲ ಪೊರ್ಬುಳೇ. ಒಂದು ನಿಮಿಷ."

ಇಳಿಯಲಿಲ್ಲ. ಕಿಟಕಿಯ ಹೊರಗಿನ ಕನ್ನಡಿಯನ್ನೇ ನೋಡುತ್ತಿದ್ದ. ನಾನೂ ನನ್ನ ಕಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದೆ. ರಸ್ತೆ ಬರಿದಾಗಿತ್ತು. ತುದಿಯ ದೀಪದ ಕೆಂಪು ಮರಗಳ ಬುಡಕ್ಕೆ ಬಿದ್ದು, ಹೋಗಿ, ಬೀಳುತ್ತಿತ್ತು. ಆಮೇಲೆ ಒಂದು ಸೈಕಲ್ ಬಂತು. ತಲೆ ತಗ್ಗಿಸಿ, ಸೀಟಿನಿಂದ ಎದ್ದು, ಪೂರ್ತಿ ಬಲ ಹಾಕಿ ಏರು ತುಳಿಯುತ್ತಿದ್ದ ಒಬ್ಬ. ಎದುರು ನೋಡುತ್ತಲೇ ಇರಲಿಲ್ಲ. ಪಪ್ಪನ ಕೈ ನನ್ನ ಕೈಯ ಮೇಲೆ ಬಂತು. ಹತ್ತು ಮಾರು ಇರುವಾಗ ನೆಲದ ಮೇಲಿನ ಕೆಂಪು ಅವನ ಮುಂದಿನ ಚಕ್ರಕ್ಕೆ ತಾಗಿತು. ಅವನು ತಲೆ ಎತ್ತಿದ. ನೋಡಿದ. ಗಂಟೆ ಬಾರಿಸುತ್ತ ದೂರದಿಂದಲೇ ದೊಡ್ಡದಾಗಿ ಬಳಸಿಕೊಂಡು ನಮ್ಮನ್ನು ದಾಟಿದ.

"ಎಂತದು ಮಾರಾಯ, ಮರಕ್ಕೆ ಮದುವೆಯಾ?" ಎಂದು ಕೂಗಿ ಹೋದ.

ದೇಜಪ್ಪ ಅವನ ಬೆನ್ನು ಮರೆಯಾಗುವ ತನಕ ನೋಡಿದ. ಬ್ರೇಕ್ ಇಳಿಸಿ, ಗೇರ್ ಹಾಕಿ, ಮುಂದಿನ ರಸ್ತೆಯನ್ನು ನೋಡಿಕೊಂಡು ಓಡಿಸಿದ. ಆಮೇಲೆ ಕನ್ನಡಿಯ ಕಡೆ ಅವನ ಕಣ್ಣು ಹೋದದ್ದು ಎಲ್ಲ ಡ್ರೈವರುಗಳ ಕಣ್ಣು ಹೋಗುವಷ್ಟೇ.

ಶಾಲೆಯ ಅಂಗಳದಲ್ಲಿ ಕೆಲಸದವರು ಕಾದಿದ್ದರು. ದೇಜಪ್ಪ ದೀಪ ಬಿಚ್ಚಿ, ತಂತಿ ಸುರುಳಿ ಸುತ್ತಿ, ತೊಲೆಯ ಹಿಂದಿನ ತುದಿಗೆ ತಾನೇ ಹೆಗಲು ಕೊಟ್ಟ. "ಮೆಲ್ಲಗೆ, ಮೆಲ್ಲಗೆ" ಎಂದು ಎಲ್ಲರಿಗೂ ಅವನೇ ಹೇಳುತ್ತಿದ್ದ. ಪಪ್ಪ ನೆಲದ ಮೇಲೆ ಎರಡು ಕಲ್ಲು ಸರಿಪಡಿಸಿ ಅಳತೆ ನೋಡಿದರು. ತೊಲೆ ಆ ಕಲ್ಲುಗಳ ಮೇಲೆ ಕುಳಿತಿತು. ಆರು ಗಂಟೆ ನಲವತ್ತು ನಿಮಿಷ.